ಪೊಲೀಸರಿಂದಲೇ ಬರೆಸಿದ ಪ್ರಸ್ತಾವನೆಗೆ ಹೊರೈಜನ್ ಅನುದಾನ: ನನ್ನ ಅನುಭವ

ಹದಿಹರೆಯದವರು ಆನ್‌ಲೈನ್‌ನಲ್ಲಿ ಹಿಂಸಾತ್ಮಕ ಉಗ್ರವಾದದತ್ತ ಜಾರುವುದನ್ನು ಮೊದಲೇ ಗುರುತಿಸುವ ಕುರಿತು ನಾವು ಐರೋಪ್ಯ ಒಕ್ಕೂಟದ ಸಂಶೋಧನಾ ಅನುದಾನ ಕಾರ್ಯಕ್ರಮವಾದ ಹೊರೈಜನ್ ಯುರೋಪ್‌ನ ಮೂರನೇ ಕ್ಲಸ್ಟರ್‌ಗೆ (ನಾಗರಿಕ ಭದ್ರತೆಯ ವಿಭಾಗ) ಸಲ್ಲಿಸಿದ್ದ ಪ್ರಸ್ತಾವನೆಗೆ ಕೊನೆಗೂ ಹಣ ಮಂಜೂರಾಗಿದೆ. ಹದಿನೈದಕ್ಕೆ ಹದಿನಾಲ್ಕರ ಆಸುಪಾಸು ಅಂಕ ಬಂದಿದೆ. ಪೊಲೀಸರು ಸಹಿ ಹಾಕಿಕೊಟ್ಟರೆ ಅದೇ ದೊಡ್ಡದು, ಅವರಿಂದ ಬರೆಸುವುದು ಆಗದ ಮಾತು ಎಂದು ನನಗೆ ಬುದ್ಧಿ ಹೇಳಿದವರಲ್ಲಿ ಈ ವಿಭಾಗದಲ್ಲಿ ಹತ್ತಾರು ವರ್ಷ ಪಳಗಿದ ಸಂಯೋಜಕರೂ ಇದ್ದರು. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಇದೇ ಕೆಲಸ ಮಾಡುತ್ತಿರುವ ಕನ್ನಡಿಗ ಮಿತ್ರರು ಕೆಲವರು ಕೇಳಿದ್ದರಿಂದ ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲಿನ ಪ್ರಸ್ತಾವನೆಗಳ ಗತಿ ಹೇಳಲೇಬೇಕು. ಒಟ್ಟು 10 ಅಂಕದ ಕನಿಷ್ಠ ಮಿತಿ ದಾಟುವುದು ಏನೇನೂ ಅಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಹನ್ನೆರಡೂವರೆ ಬಂದ ಪ್ರಸ್ತಾವನೆಯೂ ಕಸದ ಬುಟ್ಟಿಗೇ ಹೋಗುತ್ತದೆ. ನಮ್ಮದು ಎರಡು ಸಲ ಹಾಗೆಯೇ ಹೋಯಿತು. ಎರಡೂ ಸಲ ಕೃತಕ ಬುದ್ಧಿಮತ್ತೆಯ ಒಂದು ಸಾಧನವನ್ನು ಮುಂದಿಟ್ಟು, ಅದಕ್ಕೆ ಹೊಂದುವ ಸಮಸ್ಯೆಯನ್ನು ಆಮೇಲೆ ಹೆಣೆಯಲಾಗಿತ್ತು. ಎರಡು ಮೂರು ದೇಶಗಳ ಪೊಲೀಸ್ ಸಂಸ್ಥೆಗಳು ಫಲಾನುಭವಿಗಳಾಗಿ, ಅಂದರೆ ಅನುದಾನ ಪಡೆಯುವ ಪಾಲುದಾರರಾಗಿ, ಇರಲೇಬೇಕೆಂಬ ನಿಯಮವಿರುವುದರಿಂದ ಅವರನ್ನು ಕೊನೆಯ ತಿಂಗಳಲ್ಲಿ ಹುಡುಕಿ ತಂದು, ‘ಬಳಕೆದಾರರ ಅಗತ್ಯ’ ಎಂಬ ಶೀರ್ಷಿಕೆಯಡಿ ಕೂರಿಸಲಾಗಿತ್ತು. ಮೌಲ್ಯಮಾಪಕರು ಅದನ್ನು ಒಂದೇ ವಾಕ್ಯದಲ್ಲಿ ಹಿಡಿದುಹಾಕಿದರು. ಸಲಹಾ ಸಂಸ್ಥೆಯೊಂದಕ್ಕೆ ತೆತ್ತ ಹನ್ನೆರಡು ಸಾವಿರ ಯೂರೋ ಅಷ್ಟಕ್ಕೇ ಮುಗಿಯಿತು. ಇನ್ನೊಂದು ಸಲ, ಕರೆ (ಪ್ರಸ್ತಾವನೆಗಳಿಗೆ ಆಹ್ವಾನ) ಇನ್ನೊವೇಶನ್ ಆಕ್ಷನ್, ಅಂದರೆ ಬಳಕೆಗೆ ಹತ್ತಿರವಾದ ಕೆಲಸಕ್ಕೆ ಕೊಡುವ ಬಗೆಯ ಅನುದಾನದ್ದು, ಆಗಿದ್ದರಿಂದ ಖಾಸಗಿ ಕಂಪನಿಗಳಿಗೆ ವೆಚ್ಚದ ಶೇ 70ರಷ್ಟು ಮಾತ್ರ ಸಿಗುತ್ತದೆ ಎಂಬುದನ್ನು ಗಡುವಿಗೆ ವಾರವಿರುವಾಗ ಲೆಕ್ಕಹಾಕಿದ ಪಾಲುದಾರ ಕಂಪನಿಯೊಂದು ಕೈಕೊಟ್ಟಿತು; ನಾಲ್ಕು ರಾತ್ರಿ ನಿದ್ದೆಗೆಟ್ಟು ಇಡೀ ಬಜೆಟ್ ತಿದ್ದಬೇಕಾಯಿತು.

ಈ ಸಲ ಸಾಧನವನ್ನು ಬದಿಗಿಟ್ಟು, ಕರೆ ಪ್ರಕಟವಾಗುವುದಕ್ಕೆ ಸುಮಾರು ಎಂಟು ತಿಂಗಳು ಮೊದಲೇ ಮೂರು ದೇಶಗಳ ಠಾಣಾಮಟ್ಟದ ಅಧಿಕಾರಿಗಳನ್ನೂ ಅವರ ಊರಿನ ಪುರಸಭೆಗಳ ಯುವಜನ ಕಾರ್ಯಕರ್ತರನ್ನೂ ಹಿಡಿದೆ. ಇಂಗ್ಲಿಷ್ ಬೇಡ, ನಿಮ್ಮ ಭಾಷೆಯಲ್ಲಿ ಬರೆಯಿರಿ. ಕಳೆದ ವರ್ಷ ಯಾವ ಹುಡುಗನ ವಿಷಯದಲ್ಲಿ ನಿಮಗೆ ತಡವಾಗಿ ತಿಳಿಯಿತು, ಹೆಸರು ಬಿಟ್ಟು ಅದನ್ನಷ್ಟೇ ಬರೆಯಿರಿ ಎಂದೆ. ಮೂರು ಪುಟ, ನಾಲ್ಕು ಪುಟ ಬಂದವು. ಸಾಧನವಿಲ್ಲದ್ದು ಅವರ ತೊಡಕೇ ಆಗಿರಲಿಲ್ಲ: ಶಾಲೆಗೆ ಗೊತ್ತಿದ್ದದ್ದು ಪುರಸಭೆಗೆ ಹೋಗುವುದಿಲ್ಲ, ಪುರಸಭೆಗೆ ಗೊತ್ತಿದ್ದದ್ದನ್ನು ಠಾಣೆಗೆ ಹೇಳಬಹುದೋ ಬಾರದೋ ಎಂದು ಯಾರಿಗೂ ಧೈರ್ಯವಿಲ್ಲ. ಪ್ರಸ್ತಾವನೆಯ ಮೊದಲ ಭಾಗವನ್ನು ಈ ಪುಟಗಳಿಂದಲೇ ಕಟ್ಟಿದೆವು, ಎರಡು ವರ್ಕ್ ಪ್ಯಾಕೇಜ್‌ಗಳ (ಯೋಜನೆಯ ಕೆಲಸದ ಭಾಗಗಳ) ನೇತೃತ್ವವನ್ನು ಪೊಲೀಸರಿಗೇ ಕೊಟ್ಟೆವು.

ಕರಡನ್ನು ಪರೀಕ್ಷಿಸಲು ಪ್ರಾಧ್ಯಾಪಕರ ಬಳಿಗೆ ಹೋಗಲಿಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ ಠಾಣೆಯ ಕಾಫಿ ಯಂತ್ರದ ಪಕ್ಕದ ಮೇಜಿನ ಮೇಲೆ ಮುದ್ರಿತ ಪ್ರತಿಗಳನ್ನಿಟ್ಟು, ಓದುವುದನ್ನು ಎಲ್ಲಿ ಬಿಟ್ಟಿರೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ ಎಂದು ಚೀಟಿ ಅಂಟಿಸಿದೆ. ಬಹುತೇಕ ಗೆರೆಗಳು ಎರಡನೇ ಪುಟದ ಒಂದೇ ಪ್ಯಾರಾದ ಮೇಲೆ ಬಿದ್ದವು. ನಮ್ಮ ಡೇಟಾ ವಿಜ್ಞಾನಿ ಅತ್ಯಂತ ಹೆಮ್ಮೆಯಿಂದ ಬರೆದಿದ್ದ ಪ್ಯಾರಾ ಅದು. ಕಿತ್ತುಹಾಕಿದೆವು.

ಇನ್ನು ಹಣದ ಮಾತು. ಒಟ್ಟು ಅನುದಾನ ನಾಲ್ಕು ಮಿಲಿಯನ್ ಯೂರೋಗೆ ತುಸು ಕಡಿಮೆ. ನಮ್ಮಲ್ಲಿ ಹಿರಿಯ ಸಂಶೋಧಕರ ಒಂದು ತಿಂಗಳ ವೆಚ್ಚ ಎಂಟು, ಒಂಬತ್ತು ಸಾವಿರವಾದರೆ ಪೂರ್ವದ ಪಾಲುದಾರ ಪೊಲೀಸರಲ್ಲಿ ಅದು ಎರಡೂವರೆ ಸಾವಿರದಷ್ಟಿತ್ತು. ಹಾಗಾಗಿ ಅವರಿಗೆ ಧಾರಾಳವಾಗಿ ತಿಂಗಳುಗಳನ್ನು ಕೊಟ್ಟರೂ ಬಜೆಟ್ ಅಲುಗಾಡಲಿಲ್ಲ. ನಿಜವಾದ ತೊಡಕು ಬೇರೆ ಕಡೆ ಇತ್ತು. ಅನುದಾನದ ಹಣ ಅವರ ದೇಶದ ಖಜಾನೆಗೆ ಹೋಗಿ ಸೇರುತ್ತದೆಯೇ ಹೊರತು ಕೆಲಸ ಮಾಡುವ ಘಟಕಕ್ಕೆ ಬರುವುದಿಲ್ಲ, ಆದ್ದರಿಂದ ಆ ಅಧಿಕಾರಿಗಳಿಗೆ ಇದು ಹೆಚ್ಚುವರಿ ಹೊರೆಯಾಗಿ ಮಾತ್ರ ಕಾಣುತ್ತದೆ. ಅನುವಾದ, ದುಭಾಷಿ, ಸಭೆಗಳ ವೆಚ್ಚವನ್ನೆಲ್ಲ ಸಂಯೋಜಕರಾದ ನಮ್ಮ ಪಾಲಿಗೇ ಹಾಕಿಕೊಂಡು, ಪೊಲೀಸರ ಪಾಲಿಗೆ ಸಿಬ್ಬಂದಿ ವೆಚ್ಚವನ್ನಷ್ಟೇ ಬಿಟ್ಟೆ. ಕರೆ ಲಂಪ್‌ಸಮ್ (ಮೊದಲೇ ನಿಗದಿಯಾದ ಇಡಿಗಂಟಿನ) ಮಾದರಿಯದಾಗಿದ್ದು ಅನುಕೂಲವಾಯಿತು, ಏಕೆಂದರೆ ಯುರೋಪಿಯನ್ ಆಯೋಗಕ್ಕೆ ವೆಚ್ಚದ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಮುಗಿಯದ ವರ್ಕ್ ಪ್ಯಾಕೇಜ್‌ಗೆ ಆ ಅವಧಿಯಲ್ಲಿ ಹಣವಿಲ್ಲ. ಉದ್ದದ ಪ್ಯಾಕೇಜ್‌ಗಳನ್ನು ವರದಿ ಅವಧಿಗೆ ಸರಿಯಾಗಿ ತುಂಡು ಮಾಡದವರು ಆಮೇಲೆ ಪರದಾಡುತ್ತಾರೆ. ನೇರ ವೆಚ್ಚದ ಮೇಲೆ ಶೇ 25ರಂತೆ ಸೇರುವ ಪರೋಕ್ಷ ವೆಚ್ಚದ (ಕಚೇರಿ, ಆಡಳಿತ ಇತ್ಯಾದಿ) ಹಂಚಿಕೆಯಲ್ಲಿ ನಾನು ಮಾಡಿಕೊಂಡ ಒಳ ಒಪ್ಪಂದವನ್ನು ಇಲ್ಲಿ ಬರೆಯುವುದಿಲ್ಲ.

ದತ್ತಾಂಶದ ಪ್ರಶ್ನೆ ಅರ್ಧ ವರ್ಷ ತಿಂದಿತು. ತನಿಖೆಗಾಗಿ ಪೊಲೀಸರು ಬಳಸುವ ವೈಯಕ್ತಿಕ ಮಾಹಿತಿಗೆ ಐರೋಪ್ಯ ಒಕ್ಕೂಟದ 2016ರ 680ನೇ ನಿರ್ದೇಶನ ಅನ್ವಯಿಸಿದರೆ, ನಮ್ಮಂಥವರು ಅದನ್ನೇ ಸಂಶೋಧನೆಗೆ ಮುಟ್ಟಿದಾಗ ಸಾಮಾನ್ಯವಾಗಿ ಒಕ್ಕೂಟದ ದತ್ತಾಂಶ ರಕ್ಷಣಾ ಕಾನೂನಾದ ಜಿಡಿಪಿಆರ್ ಎದುರಾಗುತ್ತದೆ. ನಿಜವಾದ ಪ್ರಕರಣದ ಒಂದು ಸಾಲೂ ಠಾಣೆಯ ಹೊರಗೆ ಬರುವುದಿಲ್ಲ ಎಂದು ಬರೆದುಕೊಟ್ಟ ಮೇಲೆಯೇ ಅವರ ಕಾನೂನು ವಿಭಾಗ ಬಾಗಿಲು ತೆರೆದದ್ದು. ತರಬೇತಿಗೆ ಕೃತಕ ಸಂಭಾಷಣೆಗಳು ಬೇಕಾದವು. ಯುವಜನ ಕಾರ್ಯಕರ್ತರಿಂದಲೇ ಹದಿಹರೆಯದವರ ಚಾಟ್ ಬರೆಸಿ ನೋಡಿದೆ. ವೃತ್ತಿಶಿಕ್ಷಣ ಶಾಲೆಯ ವಿದ್ಯಾರ್ಥಿಗಳು ಅದನ್ನು ಓದಿ ಬಿದ್ದು ಬಿದ್ದು ನಕ್ಕರು, ಪ್ರತಿ ವಾಕ್ಯದ ಕೊನೆಗೂ ಪೂರ್ಣವಿರಾಮ ಇಡುವ ಹುಡುಗ ಯಾರೂ ಇಲ್ಲ ಎಂದರು. ಆಮೇಲೆ ಹವ್ಯಾಸಿ ನಾಟಕ ತಂಡವೊಂದರ ಹುಡುಗರು ಆಟದ ಚಾಟ್‌ನ ಮಾದರಿಯಲ್ಲಿ ಬರೆದುಕೊಟ್ಟದ್ದು ಎಷ್ಟು ಸಹಜವಾಗಿತ್ತೆಂದರೆ, ಸಂಶೋಧನೆಯ ನೈತಿಕತೆಯ ಪರಿಶೀಲನೆಯಲ್ಲಿ ಇದು ನಿಜವಾದ ಮಕ್ಕಳ ಮಾತಲ್ಲವೆಂದು ಸಾಬೀತುಪಡಿಸಲು ಹೇಳಿದರು. ಭದ್ರತಾ ಪರಿಶೀಲನೆ ಅಷ್ಟು ಕಾಡಲಿಲ್ಲ. ಯಾವ ಡೆಲಿವರಬಲ್ (ಯೋಜನೆ ಒಪ್ಪಿಸಬೇಕಾದ ವರದಿ ಮುಂತಾದವು) ಬಹಿರಂಗ, ಯಾವುದು ಸೂಕ್ಷ್ಮ ಎಂದು ಮೊದಲೇ ವಿಂಗಡಿಸಿದ್ದೆವು.

ಬೆಂಗಳೂರಿನ ಸ್ನೇಹಿತರಿಗೆ ಒಂದು ಮಾತು: ಭಾರತ ಹೊರೈಜನ್ ಯುರೋಪ್‌ಗೆ ಸಹಯೋಗಿ ದೇಶವಲ್ಲದ (ಒಪ್ಪಂದ ಮಾಡಿಕೊಂಡು ಕಾರ್ಯಕ್ರಮಕ್ಕೆ ಸೇರಿದ ದೇಶವಲ್ಲದ) ಕಾರಣ ಅಲ್ಲಿನ ಸಂಸ್ಥೆಗಳಿಗೆ ತಾನಾಗಿ ಹಣ ಸಿಗುವುದಿಲ್ಲ. ಸ್ವಂತ ಖರ್ಚಿನಲ್ಲಿ ಪಾಲುಗೊಳ್ಳಬಹುದು, ಆದರೆ ಈ ವಿಭಾಗದಲ್ಲಿ ಸೂಕ್ಷ್ಮ ದಾಖಲೆಗಳನ್ನು ನೋಡಲು ಬಿಡುವುದು ಕಷ್ಟ.

ಪೂರ್ವಪಾವತಿ ಖಾತೆಗೆ ಬಿದ್ದಿದೆ, ಪಾಲುದಾರರು ಹಣ ಮರಳಿಸದಿದ್ದರೆ ತುಂಬಿಕೊಡುವ ಪರಸ್ಪರ ವಿಮಾ ನಿಧಿಗೆ ಹಿಡಿದುಕೊಂಡ ಪಾಲನ್ನು ಕಳೆದು. ಮೊದಲ ಕಾರ್ಯಾಗಾರದ ಕಾರ್ಯಸೂಚಿಯನ್ನು ಪೊಲೀಸರು ತಾವಾಗಿಯೇ ಕಳಿಸಿದ್ದಾರೆ. ಬಜೆಟ್ ಹಾಳೆಯ ಮಾದರಿ ಬೇಕೆಂದವರಿಗೆ ಸಂತೋಷದಿಂದ ಕೊಡುತ್ತೇನೆ. ಪ್ರಸ್ತಾವನೆಯ ಪರಿಣಾಮ ವಿಭಾಗದ ಮೊದಲ ಪುಟವನ್ನು ಮಾತ್ರ ಮುಂದಿನ ಕರೆ ಮುಗಿಯುವವರೆಗೆ ಯಾರಿಗೂ ತೋರಿಸುವುದಿಲ್ಲ.