ಅಗಸೆ ಚಟ್ನಿಪುಡಿ ಮತ್ತು ನನ್ನ ರಕ್ತದ ಲೆಕ್ಕ

ನಾನು ಹುಟ್ಟಿನಿಂದ ಸಸ್ಯಾಹಾರಿ. ಧಾರವಾಡದಿಂದ ಬಸವನಗುಡಿಗೆ ಬಂದು ಇಪ್ಪತ್ತು ವರ್ಷ ದಾಟಿದರೂ ಅಗಸೆ ಚಟ್ನಿಪುಡಿ ನಮ್ಮ ತಟ್ಟೆ ಬಿಟ್ಟಿಲ್ಲ. ಅಗಸೆಯಲ್ಲಿ ಒಮೇಗಾ-3 ಎಂಬ, ದೇಹಕ್ಕೆ ಬೇಕಾದ ಕೊಬ್ಬಿನಾಮ್ಲ ಹೇರಳ. ಹಾಗಾಗಿ ನನಗೆ ಅದು ಕಡಿಮೆಯಿರಬಹುದು ಎಂದು ಯಾವತ್ತೂ ಅನ್ನಿಸಿರಲಿಲ್ಲ. ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಒಮೇಗಾ-3 ಸೂಚ್ಯಂಕ ಶೇ 3.2 ಎಂದು ಬಂತು. ಕೆಂಪು ರಕ್ತಕಣಗಳ ಪೊರೆಯಲ್ಲಿರುವ ಕೊಬ್ಬಿನಾಮ್ಲಗಳ ಪೈಕಿ ಇಪಿಎ, ಡಿಎಚ್‌ಎ ಎಂಬ ಎರಡು ಬಗೆಯ ಒಮೇಗಾ-3 ಸೇರಿ ಎಷ್ಟು ಪಾಲು ಎಂಬ ಲೆಕ್ಕ ಅದು. ಶೇ 8 ಇದ್ದರೆ ಒಳ್ಳೆಯದು, 4ಕ್ಕಿಂತ ಕೆಳಗಿದ್ದರೆ ಕಡಿಮೆ ಎನ್ನುತ್ತಾರೆ. ಆ ಕಾಗದ ಹಿಡಿದು ತುಂಬ ಹೊತ್ತು ಕುಳಿತಿದ್ದೆ.

ಅಗಸೆಯಲ್ಲಿರುವ ಒಮೇಗಾ-3 ಎಂದರೆ ಆಲ್ಫಾ ಲಿನೋಲೆನಿಕ್ ಆಮ್ಲ. ದೇಹ ಅದನ್ನು ಇಪಿಎಯಾಗಿ, ಮುಂದೆ ಡಿಎಚ್‌ಎಯಾಗಿ ಬದಲಿಸಿಕೊಳ್ಳಬೇಕು. ಮೊದಲ ಹಂತದಲ್ಲೇ ಬದಲಾಗುವುದು ಸ್ವಲ್ಪ. ಡಿಎಚ್‌ಎವರೆಗೆ ಮುಟ್ಟುವುದು ತೀರಾ ಅಲ್ಪ. ಇನ್ನೊಂದು ತೊಡಕು ನನ್ನ ಒಲೆಯ ಪಕ್ಕದಲ್ಲೇ ಇತ್ತು: ಸೂರ್ಯಕಾಂತಿ ಎಣ್ಣೆಯ ಡಬ್ಬ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಲಿನೋಲಿಕ್ ಆಮ್ಲ, ಅಂದರೆ ಒಮೇಗಾ-6. ಎರಡನ್ನೂ ಬದಲಿಸುವ ಕಿಣ್ವ ಒಂದೇ ಆದ್ದರಿಂದ, ಒಮೇಗಾ-6 ರಾಶಿಯಾಗಿ ಬಂದರೆ ಅಗಸೆಗೆ ಸರದಿ ಸಿಗುವುದು ಕಷ್ಟ. ಒಮೇಗಾ-6 ದೇಹಕ್ಕೆ ಬೇಕೇ ಬೇಕು. ನಮ್ಮ ಮನೆಯಲ್ಲಿ ಅದು ಅಳತೆ ಮೀರಿತ್ತು.

ಡಬ್ಬ ಹೋಯಿತು, ಗಾಣದ ಕಡಲೆಕಾಯಿ ಎಣ್ಣೆ ಬಂತು. ಕರಿಯುವುದು ಹಬ್ಬಕ್ಕೆ ಮಾತ್ರ. ಗಾಂಧಿ ಬಜಾರಿನಲ್ಲಿ ಗೋಣಿ ಸೊಪ್ಪು ಕಂಡರೆ ತಪ್ಪದೆ ತರುತ್ತೇನೆ. ಸೊಪ್ಪುಗಳಲ್ಲಿ ಅದರಷ್ಟು ಆಲ್ಫಾ ಲಿನೋಲೆನಿಕ್ ಇರುವುದು ಅಪರೂಪ.

ಚಟ್ನಿಪುಡಿಯಲ್ಲೂ ತಪ್ಪು ಮಾಡುತ್ತಿದ್ದೆ. ಮೂರು ತಿಂಗಳಿಗಾಗುವಷ್ಟು ಪುಡಿ ಮಾಡಿ, ಒಲೆಯ ಮೇಲಿನ ಕಪಾಟಿನಲ್ಲಿ ಇಡುತ್ತಿದ್ದೆ. ಒಮ್ಮೆ ಅವ್ವ ಬಂದಾಗ ಡಬ್ಬದ ಮುಚ್ಚಳ ತೆಗೆದು ಮೂಸಿ, “ಇದು ಪೇಂಟ್ ವಾಸನೆ ಬರುತ್ತಿದೆಯಲ್ಲೇ” ಎಂದಳು. ನಿಜವೇ. ಗಾಳಿ ತಾಗಿದರೆ ಬೇಗ ಬದಲಾಗುವ ಗುಣದಿಂದಲೇ ಅಗಸೆ ಎಣ್ಣೆಯನ್ನು ಬಣ್ಣಕ್ಕೆ, ವಾರ್ನಿಷ್‌ಗೆ ಬಳಸುತ್ತಾರೆ. ಈಗ ಹತ್ತು ದಿನಕ್ಕಾಗುವಷ್ಟೇ ಹುರಿಯುತ್ತೇನೆ. ಸಣ್ಣ ಉರಿ, ಕಾಳು ಚಟಪಟ ಎಂದು ಬಾಣಲೆಯಿಂದ ಹಾರಲು ಶುರುವಾದ ಕೂಡಲೇ ಕೆಳಗಿಳಿಸಿ, ಆರಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಪುಡಿ ಮಾಡಿ ಫ್ರಿಜ್‌ನಲ್ಲಿಡುತ್ತೇನೆ. ಇಡೀ ಕಾಳು ತಿಂದರೆ ಬಹುಪಾಲು ಹಾಗೆಯೇ ಹೊರಹೋಗುತ್ತದೆ, ಆದ್ದರಿಂದ ಪುಡಿಯೇ ಸರಿ. ದಿನಕ್ಕೆ ಒಂದು ದೊಡ್ಡ ಚಮಚ, ಸುಮಾರು 7 ಗ್ರಾಂ, ತಿಂದರೆ ಒಂದೂವರೆ ಗ್ರಾಂನಷ್ಟು ಆಲ್ಫಾ ಲಿನೋಲೆನಿಕ್ ಸಿಗುತ್ತದೆ.

ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ನಾಲ್ಕು ತಿಂಗಳು ಕಾದು ಮತ್ತೆ ಪರೀಕ್ಷೆ ಮಾಡಿಸಿದೆ. 3.8. ಏರಿದ್ದು ಇಪಿಎ ಮಾತ್ರ; ಡಿಎಚ್‌ಎ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅಡುಗೆಮನೆಯಿಂದ ಆಗುವುದು ಇಷ್ಟೇ ಎಂದು ಆಗ ಒಪ್ಪಿಕೊಂಡೆ.

ಮೀನಿಗೂ ಡಿಎಚ್‌ಎ ಸಿಗುವುದು ಮೂಲತಃ ಕಡಲಿನ ಸೂಕ್ಷ್ಮ ಪಾಚಿಯಿಂದ. ಆ ಪಾಚಿಯ ಎಣ್ಣೆಯ ಗುಳಿಗೆ ಸಸ್ಯಾಹಾರಿಗಳಿಗೂ ಸಿಗುತ್ತದೆ. ವೈದ್ಯರನ್ನು ಕೇಳಿ ದಿನಕ್ಕೊಂದರಂತೆ ಊಟದ ಜೊತೆ ತೆಗೆದುಕೊಳ್ಳತೊಡಗಿದೆ. ಮುಂದಿನ ನಾಲ್ಕು ತಿಂಗಳಿಗೆ ಸೂಚ್ಯಂಕ 6.1 ಆಯಿತು. ಅವ್ವನಿಗೂ ಪರೀಕ್ಷೆ ಮಾಡಿಸಬೇಕೆಂದಿದ್ದೇನೆ. ದಸರಾ ಮುಗಿಸಿ ಬರುತ್ತೇನೆ ಎಂದಿದ್ದಾಳೆ.