ಟರೆಟ್ ಇಲ್ಲದ ಸ್ಟುವರ್ಟ್: ಒಂದು ಹಳೇ ಫೋಟೊ ಬಿಡಿಸಿದ ಬಗೆ

ಕಪ್ಪು-ಬಿಳುಪು ಫೋಟೊ. ಒಂದು ಪುಟ್ಟ ಟ್ಯಾಂಕು, ಹೆಚ್ಚು ಕಡಿಮೆ ಪಕ್ಕದಿಂದ ತೆಗೆದದ್ದು. ಟ್ಯಾಂಕಿನ ಮೇಲೆ ತಿರುಗುವ ತಲೆ, ಅಂದರೆ ಟರೆಟ್ ಇರಬೇಕಾದ ಜಾಗದಲ್ಲಿ ಮೂರು ಕಡೆ ತಗಡು ನಿಲ್ಲಿಸಿದ್ದಾರೆ. ಆ ತಗಡಿನ ನಡುವಿನಿಂದ ಗಾಡಿಗೆ ಹೊಂದದಷ್ಟು ಉದ್ದದ ಫಿರಂಗಿ ಮುಂದಕ್ಕೆ ಚಾಚಿದೆ. ಪಕ್ಕದಲ್ಲಿ ನಾಲ್ಕೈದು ಹುಡುಗರು, ಒಬ್ಬನ ಟೋಪಿಯಲ್ಲಿ ನಕ್ಷತ್ರ. ಹಿಂದೆ ಬೋಳು ಸುಣ್ಣಕಲ್ಲಿನ ಗುಡ್ಡ. ಊರಿಲ್ಲ, ತಾರೀಖಿಲ್ಲ.

ಇದನ್ನು ಕಳಿಸಿದವನು ಮೈಸೂರಿನಲ್ಲಿರುವ ನನ್ನ ಅಕ್ಕನ ಮಗ. ಯುದ್ಧಕಾಲದ ಫೋಟೊ ಸಂಗ್ರಹಿಸುವುದು ಅವನ ಹುಚ್ಚು. "ಮಾವ, ಎಲ್ಲಾ ದೇಶದ ಪಟ್ಟೀನೂ ನೋಡ್ದೆ, ಈ ಟ್ಯಾಂಕು ಯಾವುದ್ರಲ್ಲೂ ಇಲ್ಲ" ಅಂದ. ನಾನು ಕೇಳಿದ್ದು ಒಂದೇ: "ಚಕ್ರ ಎಣಿಸಿದ್ಯೇನೋ?"

ನಾನು ಬಹಳ ಕಾಲ ಚೈನ್ ಗಾಡಿಗಳ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವನು. ಡೋಜರು, ಎಕ್ಸ್‌ಕವೇಟರುಗಳ ಅಂಡರ್‌ಕ್ಯಾರೇಜ್, ಅಂದರೆ ಚೈನು-ಚಕ್ರಗಳ ಕೆಳಭಾಗ, ಬಿಚ್ಚಿ ಕಟ್ಟುವುದೇ ಉದ್ಯೋಗವಾಗಿತ್ತು. ಅಲ್ಲಿ ಕಲಿತದ್ದು ಟ್ಯಾಂಕಿನ ಫೋಟೊಗಳಿಗೂ ಸರಿಯಾಗಿ ಒಗ್ಗುತ್ತದೆ. ಗಾಡಿಯ ಮೇಲಿನ ಭಾಗವನ್ನು ಯಾರು ಬೇಕಾದರೂ ಬದಲಾಯಿಸುತ್ತಾರೆ: ಕ್ಯಾಬಿನ್ ಕಿತ್ತು ಹಾಕುತ್ತಾರೆ, ಬೇರೆ ಬೂಮ್ ಕೂರಿಸುತ್ತಾರೆ, ಬಣ್ಣ ಹೊಡೆಯುತ್ತಾರೆ. ಚೈನು ಎಳೆಯುವ ಹಲ್ಲುಚಕ್ರ ಸ್ಪ್ರಾಕೆಟ್, ಇನ್ನೊಂದು ತುದಿಯಲ್ಲಿ ಚೈನು ಸುತ್ತಿ ಬರುವ ಚಕ್ರ ಐಡ್ಲರ್, ನಡುವಿನ ರೋಲರುಗಳು, ಇವುಗಳ ತಂಟೆಗೆ ಯಾರೂ ಹೋಗುವುದಿಲ್ಲ. ಅಲ್ಲಿ ಕೈಯಿಟ್ಟರೆ ಗಾಡಿಯನ್ನೇ ಹೊಸದಾಗಿ ಮಾಡಬೇಕಾಗುತ್ತದೆ. ಹಾಗಾಗಿ ವಿಚಿತ್ರ ಗಾಡಿಯ ಫೋಟೊ ಕೈಗೆ ಬಂದರೆ ನಾನು ಮೇಲರ್ಧವನ್ನು ಕೈಯಿಂದ ಮುಚ್ಚಿ ಕೆಳಗಿನಿಂದ ಶುರುಮಾಡುತ್ತೇನೆ. ಕಣ್ಣು ತಾನಾಗಿ ಫಿರಂಗಿಯ ಕಡೆ ಓಡುತ್ತದೆ. ಅದನ್ನು ಬಲವಂತವಾಗಿ ತಡೆಯಬೇಕು.

ಕೆಳಗೆ ಕಂಡದ್ದು: ಸ್ಪ್ರಾಕೆಟ್ ಮುಂದಿದೆ. ನೆಲ ತುಳಿಯುವ ಚಿಕ್ಕ ಚಕ್ರಗಳು ಎರಡೆರಡರ ಜೋಡಿ, ಅಂಥ ಎರಡು ಜೋಡಿ. ಪ್ರತಿ ಜೋಡಿಯ ನೆತ್ತಿಯಲ್ಲಿ ಸ್ಪ್ರಿಂಗ್ ಅಡಗಿಸಿದ ನಿಂತ ಪೆಟ್ಟಿಗೆ. ಮೇಲೆ ಚೈನು ಹೊರುವ ಮೂರು ರೋಲರು. ಹಿಂದೆ ಒಂದು ದೊಡ್ಡ ಐಡ್ಲರ್, ಅದು ಗಾಳಿಯಲ್ಲಿ ತೂಗದೆ ನೆಲಕ್ಕೇ ಕೂತಿದೆ.

ಈ ಕೊನೆಯ ಗುರುತು ಬಹಳ ಮುಖ್ಯ. ನಿಂತ ಸ್ಪ್ರಿಂಗಿನ ಪೆಟ್ಟಿಗೆ ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕುಗಳ ಲಕ್ಷಣ. ಅವರ ನಡು ತೂಕದ ಟ್ಯಾಂಕಾದ ಶರ್ಮನ್‌ನಲ್ಲೂ ಇದೆ. ಆದರೆ ಶರ್ಮನ್‌ಗೆ ಒಂದು ಪಕ್ಕದಲ್ಲಿ ಮೂರು ಜೋಡಿ, ಐಡ್ಲರ್ ನೆಲದಿಂದ ಮೇಲೆ. ಎರಡೇ ಜೋಡಿ, ನೆಲಕ್ಕೆ ತಾಗುವ ಐಡ್ಲರ್ ಅಂದರೆ ಅದು ಸ್ಟುವರ್ಟ್, ಹಗುರ ಟ್ಯಾಂಕು.

ಸ್ಟುವರ್ಟ್ ನನಗೆ ಹಳೇ ಪರಿಚಯ. 1948ರ ನವೆಂಬರ್ 1ರಂದು ನಮ್ಮ ಕೊಡಗಿನ ತಿಮ್ಮಯ್ಯನವರ ಮುಂದಾಳತ್ವದಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಯನ್ನು ಭೇದಿಸಿದ್ದು ನಮ್ಮ ಸೇನೆಯ 7 ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳೇ. ಸುಮಾರು 11,500 ಅಡಿ ಎತ್ತರದ ಆ ಜಾಗಕ್ಕೆ ಟ್ಯಾಂಕು ಬರಬಹುದೆಂದು ಎದುರಾಳಿ ಎಣಿಸಿರಲಿಲ್ಲ. ಬಾಲ್ತಾಲ್‌ನಿಂದ ಮೇಲಕ್ಕಿದ್ದ ಹೇಸರಗತ್ತೆ ದಾರಿಯನ್ನು ಟ್ಯಾಂಕು ಹತ್ತುವಂತೆ ಅಗಲ ಮಾಡಿದವರು ಬೆಂಗಳೂರಿನಲ್ಲಿ ನೆಲೆಯಿರುವ ಸೇನಾ ಎಂಜಿನಿಯರುಗಳ ಪಡೆ, ಮದ್ರಾಸ್ ಸ್ಯಾಪರ್ಸ್. ದಾರಿಯ ದುರ್ಬಲ ಸೇತುವೆಗಳು ತಡೆಯಲಿ, ಗುಟ್ಟೂ ರಟ್ಟಾಗದಿರಲಿ ಎಂದು ಟರೆಟ್‌ಗಳನ್ನು ಬಿಚ್ಚಿ ಬೇರೆಯಾಗಿ ಸಾಗಿಸಿದ್ದರು. ಆ ಕತೆ ಓದಿದಾಗಿನಿಂದ ಟರೆಟ್ ಇಲ್ಲದ ಸ್ಟುವರ್ಟ್ ಹೇಗೆ ಕಾಣುತ್ತದೆಂದು ಹುಡುಕಿ ಹುಡುಕಿ ನೋಡಿದ್ದೇನೆ. ಆ ಅಭ್ಯಾಸ ಇಲ್ಲಿ ನೆರವಿಗೆ ಬಂತು.

ಸ್ಟುವರ್ಟ್ ಎಂದು ಗೊತ್ತಾದರೆ ಸಾಲದು, ಯಾವ ಸ್ಟುವರ್ಟ್ ಎನ್ನುವುದು ಬೇಕು. ಮೊದಲ ಎಂ3ಯ ಮೈ ಮೂಲೆ ಮೂಲೆಯಾಗಿ, ನೆಟ್ಟಗೆ ನಿಂತ ತಗಡುಗಳದು. ಎಂ5ರಲ್ಲಿ ಮುಂಭಾಗ ಇಳಿಜಾರು, ಪಕ್ಕಗಳು ನೆಟ್ಟಗೆ. ಅದಕ್ಕೆ ಎರಡು ಕ್ಯಾಡಿಲಾಕ್ ಎಂಜಿನ್ ಕೂರಿಸಬೇಕಾಗಿದ್ದರಿಂದ ಹಿಂಭಾಗದ ಡೆಕ್ ಒಂದು ಮೆಟ್ಟಿಲು ಎದ್ದಿರುತ್ತದೆ. ಎಂ3ಎ3ಯಲ್ಲಿ ಮುಂಭಾಗವೂ ಇಳಿಜಾರು, ಪಕ್ಕಗಳೂ ಒಳಕ್ಕೆ ಓರೆ. ಎಲ್ಲವೂ ವೆಲ್ಡಿಂಗ್, ಹಿಂದೆ ಆ ಮೆಟ್ಟಿಲಿಲ್ಲ. ಫೋಟೊದ ಗಾಡಿಯಲ್ಲಿ ಪಕ್ಕದ ತಗಡಿನ ಮೇಲೆ ಬಿಸಿಲು ಬಿದ್ದ ರೀತಿ ನೋಡಿ. ಮೇಲಿನ ತಗಡು ಬೆಳ್ಳಗೆ ಹೊಳೆಯುತ್ತಿದೆ, ಅದರ ಕೆಳಗಿನ ನೆಟ್ಟಗಿನ ಭಾಗ ಮಬ್ಬು. ಮೇಲಿನದು ಆಕಾಶಕ್ಕೆ ಮುಖ ಮಾಡಿದ್ದರೆ ಮಾತ್ರ ಹಾಗಾಗುತ್ತದೆ. ಆದ್ದರಿಂದ ಇದು ಎಂ3ಎ3. ಹಳೇ ಫೋಟೊಗಳಲ್ಲಿ ಗೆರೆ ಮಸುಕಾಗಿದ್ದರೂ ಬೆಳಕು-ನೆರಳು ತಗಡಿನ ಓರೆಯನ್ನು ಹೇಳಿಬಿಡುತ್ತದೆ.

ಈಗ ಕೈ ತೆಗೆದು ಮೇಲೆ ನೋಡಿದೆ. ಸ್ಟುವರ್ಟ್‌ನ ಸ್ವಂತ ಫಿರಂಗಿ 37 ಮಿಲಿಮೀಟರಿನದು, ಸಣ್ಣ ನಳಿಗೆ. ಇಲ್ಲಿರುವುದು ಎತ್ತಿನ ಕೊರಳಿಗೆ ಆನೆ ಗಂಟೆ ಕಟ್ಟಿದಂತಿದೆ. ಅಳೆಯುವುದಕ್ಕೆ ಗಾಡಿಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಎಂ3ಎ3ಯ ಉದ್ದ ಸುಮಾರು 5 ಮೀಟರ್. ಕಾಗದದ ಮೇಲೆ ಅದಕ್ಕೆ ತಕ್ಕ ಗೆರೆ ಎಳೆದು, ನಳಿಗೆಯನ್ನು ಅದರ ಪಕ್ಕ ಇಟ್ಟು ನೋಡಿದೆ. ತುದಿಯಿಂದ ಬುಡದವರೆಗೆ ಗಾಡಿಯ ಉದ್ದದ ಮೂರನೇ ಎರಡು ಪಾಲಿಗಿಂತ ಕೊಂಚ ಹೆಚ್ಚು ಬಂತು. ಜರ್ಮನರ 75 ಮಿಲಿಮೀಟರ್ ಟ್ಯಾಂಕ್ ವಿರೋಧಿ ಫಿರಂಗಿ, ಪಾಕ್ 40, ತನ್ನ ಬಾಯಿಯ 46 ಪಟ್ಟು ಉದ್ದ. ಗುಣಿಸಿದರೆ 3,450 ಮಿಲಿಮೀಟರ್. ಲೆಕ್ಕ ಕೂಡಿತು. ಅದರ ಮೂತಿಯಲ್ಲಿ ಒದೆತ ತಗ್ಗಿಸುವ ಮಜಲ್ ಬ್ರೇಕ್, ಎರಡು ಕಂಡಿಯ ದಪ್ಪ ಗೆಡ್ಡೆಯಂಥದ್ದು, ಆ ಲೆಕ್ಕಕ್ಕೆ ಸಾಕ್ಷಿ ಹೇಳಿತು. ಜರ್ಮನರ 50 ಮಿಲಿಮೀಟರಿನ ಪಾಕ್ 38ಕ್ಕೂ ಮೂತಿಯಲ್ಲಿ ಬ್ರೇಕ್ ಇದೆ, ಆದರೆ ಅದರ ನಳಿಗೆ ಇಷ್ಟು ದಪ್ಪವಿಲ್ಲ.

ಅಮೆರಿಕನ್ ಗಾಡಿ, ಜರ್ಮನ್ ಫಿರಂಗಿ. ನಿಜವಾದ ಒಗಟು ಶುರುವಾಗುವುದು ಇಲ್ಲಿಂದ. ಇಂಥ ಕಡೆ ಬಹಳ ಜನ ಗಾಡಿಯ ಹೆಸರು ಸಿಕ್ಕಿತೆಂದು ನಿಲ್ಲಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಗಾಡಿಯ ಹೆಸರು ಅರ್ಧ ಉತ್ತರ. ಈ ಎರಡೂ ಒಂದೇ ಅಂಗಳದಲ್ಲಿ ಯಾರ ಕೈಗೆ ಸಿಕ್ಕವು, ಯಾವುದರ ಕೊರತೆಯಿಂದ ಅವರು ಇದನ್ನು ಕಟ್ಟಿದರು ಎನ್ನುವುದು ಉಳಿದರ್ಧ. ಕಾರ್ಖಾನೆಯಿಂದ ಬಂದ ಗಾಡಿಗೆ ಕಾಗದಪತ್ರ ಇರುತ್ತದೆ. ಶೆಡ್ಡಿನಲ್ಲಿ ಕಟ್ಟಿದ ಗಾಡಿಗೆ ಕಟ್ಟಿದವರ ಇಕ್ಕಟ್ಟೇ ಕಾಗದಪತ್ರ.

ಮೊದಲ ಅನುಮಾನ ಜರ್ಮನರ ಮೇಲೆ ಹೋಗುವುದು ಸಹಜ. ಸೆರೆಸಿಕ್ಕ ಗಾಡಿಗಳ ಮೇಲೆ ತಮ್ಮ ಫಿರಂಗಿ ಕೂರಿಸುವುದರಲ್ಲಿ ಅವರು ನಿಸ್ಸೀಮರು. ಫ್ರಾನ್ಸಿನ ಲೊರೇನ್ ಟ್ರ್ಯಾಕ್ಟರಿನ ಮೇಲೆ ಇದೇ ಪಾಕ್ 40 ಇಟ್ಟು ಮಾರ್ಡರ್ 1 ಮಾಡಿದರು, ಚೆಕ್ ಟ್ಯಾಂಕಿನ ಮೈ ಬಳಸಿ ಮಾರ್ಡರ್ 3 ಮಾಡಿದರು. ಆದರೆ ಅವರ ಗಾಡಿಯಾಗಿದ್ದರೆ ಪಕ್ಕದಲ್ಲಿ ದೊಡ್ಡದಾಗಿ ಶಿಲುಬೆ ಇರಬೇಕಿತ್ತು. ಇಲ್ಲಿರುವುದು ಮೂರು ಪಟ್ಟಿಯ ಬಾವುಟ, ಅದರ ನಡುವೆ ನಕ್ಷತ್ರ. ಅಮೆರಿಕನ್ನರೇ ಮಾಡಿದರೇ? ಸ್ಟುವರ್ಟ್ ಮೈಯ ಮೇಲೆ ಅವರು ದೊಡ್ಡ ಬಾಯಿಯ ಫಿರಂಗಿ ಇಟ್ಟದ್ದು ನಿಜ, ಎಂ8 ಎಂಬ ಗಾಡಿ ಅದೇ. ಆದರೆ ಅದಕ್ಕೆ ಎಂ5ರ ಮೈ, ಗಿಡ್ಡ ನಳಿಗೆಯ ಹೊವಿಟ್ಜರ್ ಫಿರಂಗಿ, ಕಾರ್ಖಾನೆಯಲ್ಲಿ ಮಾಡಿದ ಟರೆಟ್. ಬ್ರಿಟಿಷರು ಇಟಲಿಯಲ್ಲಿ ಸ್ಟುವರ್ಟ್‌ನ ಟರೆಟ್ ತೆಗೆದು ಗಸ್ತಿಗೆ ಬಳಸಿದರು. ಗಾಡಿ ತಗ್ಗಾಗಿ ಕಣ್ಣಿಗೆ ಬೀಳದಿರಲಿ ಎನ್ನುವುದು ಅವರ ಉದ್ದೇಶ. ಅದರ ಮೇಲೆ ಮೆಷಿನ್‌ಗನ್ ಬಿಟ್ಟು ಬೇರೇನಿರಲಿಲ್ಲ. ಈ ಗಾಡಿ ಕಟ್ಟಿದವರಿಗೆ ಎತ್ತರದ ಚಿಂತೆಯೇ ಇಲ್ಲ.

ನಕ್ಷತ್ರ ನೋಡಿ ರಷ್ಯಾ ಎನ್ನಬಹುದು. ಕಪ್ಪು-ಬಿಳುಪಿನಲ್ಲಿ ಬಿಳಿ ನಕ್ಷತ್ರ ಬೆಳ್ಳಗೇ ಉಳಿಯುತ್ತದೆ, ಕೆಂಪು ಗಾಢ ಬೂದು ಬಣ್ಣಕ್ಕಿಳಿಯುತ್ತದೆ. ಇಲ್ಲಿ ನಕ್ಷತ್ರ ಗಾಢವಾಗಿದೆ, ಆದ್ದರಿಂದ ಕೆಂಪು ನಕ್ಷತ್ರವೇ. ಆದರೆ ರಷ್ಯಾಕ್ಕೆ ಹೋದ ಸ್ಟುವರ್ಟ್‌ಗಳು ಹಳೆಯ ಎಂ3, ಎಂ3ಎ1. ಜೊತೆಗೆ ಆ ಹುಡುಗರು ತೊಟ್ಟಿರುವುದು ಬ್ರಿಟಿಷ್ ಬ್ಯಾಟಲ್‌ಡ್ರೆಸ್: ಸೊಂಟಕ್ಕೇ ಮುಗಿಯುವ ಉಣ್ಣೆ ಅಂಗಿ, ತೊಡೆಯ ಮೇಲೆ ದೊಡ್ಡ ಜೇಬು. ಬ್ರಿಟಿಷ್ ಬಟ್ಟೆ, ಕೆಂಪು ನಕ್ಷತ್ರ, ಮೂರು ಪಟ್ಟಿಯ ಬಾವುಟ, ಹಿಂದೆ ಸುಣ್ಣಕಲ್ಲಿನ ಬೋಳು ಗುಡ್ಡ. ಇವು ನಾಲ್ಕೂ ಒಟ್ಟಿಗೆ ಸೇರುವ ಜಾಗ ಒಂದೇ: ಏಡ್ರಿಯಾಟಿಕ್ ಕಡಲಂಚಿನ ಡಾಲ್ಮೇಷಿಯ. ಆಗಿನ ಯುಗೊಸ್ಲಾವಿಯ, ಈಗಿನ ಕ್ರೊಯೇಷಿಯ. ಇವರು ಅಲ್ಲಿನ ಕಮ್ಯುನಿಸ್ಟ್ ನಾಯಕ ಟಿಟೊ ಅವರ ಪಾರ್ಟಿಸಾನರು, ಜರ್ಮನರ ವಿರುದ್ಧ ಹೋರಾಡಿದ ಗೆರಿಲ್ಲಾ ಪಡೆ.

ಅವರ ಇತಿಹಾಸ ತೆಗೆದು ನೋಡಿದರೆ ಗಾಡಿ ತಾನಾಗಿ ಅರ್ಥವಾಗುತ್ತಾ ಹೋಗುತ್ತದೆ. ಬೆಟ್ಟಗಾಡಿನಲ್ಲಿ ಗೆರಿಲ್ಲಾ ಯುದ್ಧ ಮಾಡುತ್ತಿದ್ದವರಿಗೆ ಮೊದಲ ಟ್ಯಾಂಕ್ ಬ್ರಿಗೇಡ್ ಹುಟ್ಟಿದ್ದು ತಮ್ಮ ನೆಲದಲ್ಲಲ್ಲ, ದಕ್ಷಿಣ ಇಟಲಿಯ ಗ್ರವೀನಾದಲ್ಲಿ, 1944ರ ಜುಲೈ ತಿಂಗಳಲ್ಲಿ. ಬ್ರಿಟಿಷರು ಸ್ಟುವರ್ಟ್ ಟ್ಯಾಂಕುಗಳನ್ನೂ ಎಇಸಿ ಕವಚದ ಕಾರುಗಳನ್ನೂ ಕೊಟ್ಟು ತರಬೇತಿ ಕೊಟ್ಟರು. ಬ್ರಿಗೇಡು ಕಡಲು ದಾಟಿ ಬಂದು 1944ರ ಚಳಿಗಾಲದಲ್ಲಿ ಕ್ನಿನ್ ಸುತ್ತ ಹೋರಾಡಿತು. ಶಿಬೆನಿಕ್ ಎಂಬ ಬಂದರು ಪಟ್ಟಣ ಅವರ ಕೈಗೆ ಬಂದದ್ದು 1944ರ ನವೆಂಬರ್ ಆರಂಭದಲ್ಲಿ. ಅಲ್ಲಿ ವರ್ಕ್‌ಶಾಪುಗಳಿದ್ದವು, ತಗಡು ಕತ್ತರಿಸಿ ಬೆಸೆಯಬಲ್ಲ ಕೈಗಳಿದ್ದವು.

ಅವರಿಗಿದ್ದ ಇಕ್ಕಟ್ಟೂ ಸ್ಪಷ್ಟ. 1944ರ ಹೊತ್ತಿಗೆ 37 ಮಿಲಿಮೀಟರ್ ಗುಂಡು ಜರ್ಮನರ ದಪ್ಪ ಕವಚಕ್ಕಾಗಲಿ ಕಾಂಕ್ರೀಟ್ ಬಂಕರುಗಳಿಗಾಗಲಿ ಸಾಲುತ್ತಿರಲಿಲ್ಲ. ಇವರ ಬಳಿ ಶರ್ಮನ್ ಇರಲಿಲ್ಲ. ಇದ್ದದ್ದು ಎರಡು: ಯುದ್ಧದಲ್ಲಿ ಪೆಟ್ಟು ತಿಂದರೂ ಓಡಬಲ್ಲ ಸ್ಟುವರ್ಟ್‌ಗಳು, ಮತ್ತು ಹಿಮ್ಮೆಟ್ಟಿದ ಜರ್ಮನರಿಂದ ಕಿತ್ತುಕೊಂಡ ಫಿರಂಗಿಗಳು. ಎರಡನ್ನೂ ಶಿಬೆನಿಕ್‌ನಲ್ಲಿ ಕೂಡಿಸಿದರು. ಕೆಲವಕ್ಕೆ ಪಾಕ್ 40. ಇನ್ನು ಕೆಲವಕ್ಕೆ ವಿಮಾನಗಳನ್ನು ಹೊಡೆಯುವ, ನಾಲ್ಕು ನಳಿಗೆಯ 20 ಮಿಲಿಮೀಟರ್ ಫ್ಲಾಕ್.

ಮೆಕ್ಯಾನಿಕ್ ಕಣ್ಣಿಗೆ ಈ ಕೆಲಸದಲ್ಲಿ ನೋಡುವಂಥದ್ದು ಬಹಳ ಇದೆ. ಫಿರಂಗಿಯನ್ನು ಅಷ್ಟು ಎತ್ತರದಲ್ಲಿ ಯಾಕಿಟ್ಟರು? ಎಂ3ಎ3ಯ ಎಂಜಿನ್ ಏಳು ಸಿಲಿಂಡರಿನ, ಗಾಳಿಯಿಂದ ತಣಿಯುವ ರೇಡಿಯಲ್, ಮೂಲದಲ್ಲಿ ವಿಮಾನದ್ದು. ಸಿಲಿಂಡರುಗಳು ಸುತ್ತಲೂ ಹರಡಿರುವುದರಿಂದ ಅದರ ಕ್ರ್ಯಾಂಕ್ ನೆಲದಿಂದ ಬಹಳ ಮೇಲಿರುತ್ತದೆ. ಎಂಜಿನ್ ಹಿಂದೆ, ಗೇರ್‌ಬಾಕ್ಸ್ ಮುಂದೆ. ನಡುವಿನ ಶಾಫ್ಟು ಸಿಬ್ಬಂದಿ ಕೂರುವ ಕೋಣೆಯ ಮಧ್ಯದಲ್ಲೇ ಮೊಣಕಾಲಿಗೆ ಅಡ್ಡವಾಗಿ ಹಾಯುತ್ತದೆ. ಅದರ ಮೇಲೆ ಬ್ರೀಚು, ಅಂದರೆ ಫಿರಂಗಿಗೆ ಗುಂಡು ತುಂಬುವ ಹಿಂತುದಿ, ಹಿಂದಕ್ಕೆ ಜಿಗಿಯುವುದಕ್ಕೆ, ಗುಂಡು ತುಂಬುವವನ ತೋಳಿಗೆ ಜಾಗ ಬೇಕು. ಟರೆಟ್ ಕೂರುತ್ತಿದ್ದ ದುಂಡನೆಯ ಕಂಡಿಯೂ ಚಿಕ್ಕದು, 75ರ ಬ್ರೀಚು ಅದರೊಳಗೆ ಆಡುವುದಿಲ್ಲ. ಹಾಗಾಗಿ ಕಂಡಿಯ ಮೇಲ್ಗಡೆಯೇ ಫಿರಂಗಿ ನಿಲ್ಲಿಸಿ, ಸುತ್ತ ತಗಡು ಬೆಸೆಯುವುದೊಂದೇ ದಾರಿ. ತಲೆಯ ಮೇಲೂ ಬೆನ್ನ ಹಿಂದೂ ಬಯಲು. ಒಂದು ಗ್ರೆನೇಡು ಬಿದ್ದರೆ ಒಳಗಿನವರು ಉಳಿಯುವುದಿಲ್ಲ. ಅದು ಗೊತ್ತಿದ್ದೂ ಆ ಹುಡುಗರು ಅದರೊಳಗೆ ಕೂತರು ಎನ್ನುವುದನ್ನು ನೆನೆದರೆ ನನಗೆ ಅವರ ಮೇಲೆ ಬಹಳ ಗೌರವ ಬರುತ್ತದೆ.

ಈ ಬ್ರಿಗೇಡು 1945ರ ಫೆಬ್ರವರಿಯಲ್ಲಿ ಮೋಸ್ಟಾರ್ ಕಡೆಯ ಹೋರಾಟದಲ್ಲಿತ್ತು. ಅಲ್ಲಿಂದ ಉತ್ತರಕ್ಕೆ ಹೊರಳಿ, ಪಾರ್ಟಿಸಾನ್ ಸೇನೆ ಮೇ ಮೊದಲ ದಿನ ತಲುಪಿದ ಟ್ರಿಯೆಸ್ಟೆಯ ಕಡೆ ನಡೆಯಿತು. ಆದ್ದರಿಂದ ಫೋಟೊದ ಕಾಲವನ್ನು ನಾನು 1944ರ ಕೊನೆಯಿಂದ 1945ರ ಬೇಸಿಗೆಯ ಒಳಗೆ ಇಟ್ಟೆ. ಅಕ್ಕನ ಮಗನಿಗೆ ಬರೆದು ಕೊಡುವಾಗ ಎರಡು ಭಾಗ ಮಾಡಿದೆ. ಕಣ್ಣಿಗೆ ಕಂಡು ಖಚಿತವಾದದ್ದು ಒಂದು ಕಡೆ: ಎಂ3ಎ3 ಮೈ, ಪಾಕ್ 40, ಕೆಂಪು ನಕ್ಷತ್ರದ ಬಾವುಟ, ಬ್ರಿಟಿಷ್ ಬಟ್ಟೆ. ಅದರಿಂದ ತರ್ಕ ಮಾಡಿ ಪಡೆದದ್ದು ಇನ್ನೊಂದು ಕಡೆ: ಪಾರ್ಟಿಸಾನರ ಮೊದಲ ಟ್ಯಾಂಕ್ ಬ್ರಿಗೇಡು, ಶಿಬೆನಿಕ್ ವರ್ಕ್‌ಶಾಪು, ಕಾಲ. ಈ ಎರಡನ್ನು ಕಲಸಿಬಿಟ್ಟರೆ ಮುಂದೆ ನೋಡುವವರಿಗೆ ಯಾವುದನ್ನು ಮತ್ತೆ ಪರೀಕ್ಷಿಸಬೇಕೆಂದು ತಿಳಿಯುವುದಿಲ್ಲ. ಇಂಥ ಫೋಟೊಗಳ ಅಡಿಟಿಪ್ಪಣಿಗಳು ಹಾಳಾಗುವುದು ಬಹುಪಾಲು ಅಲ್ಲೇ.

ಓದಿದ ಮೇಲೆ ಅವನದೊಂದು ಪ್ರಶ್ನೆ ಉಳಿದಿತ್ತು. "ಅಲ್ಲ ಮಾವ, ಇಷ್ಟು ಸಣ್ಣ ಗಾಡಿ ಮೇಲೆ ಅಷ್ಟು ದೊಡ್ಡದು ಹೊಡೆದ್ರೆ ಮಗುಚಿ ಬೀಳಲ್ವಾ?"

ಒಳ್ಳೆಯ ಪ್ರಶ್ನೆ. ಪಾಕ್ 40 ನೆಲದ ಮೇಲೆ ನಿಂತಾಗ ಅದರ ತೂಕ ಸುಮಾರು 1,425 ಕಿಲೊ, ಹಿಂದಿನ ಎರಡು ಕಾಲುಗಳನ್ನು ಮಣ್ಣಿಗೆ ನೆಟ್ಟು ಒದೆತ ತಡೆಯುತ್ತದೆ. ಮೂತಿಯ ಬ್ರೇಕು ಹೊಗೆಯನ್ನು ಪಕ್ಕಕ್ಕೆ ತಿರುಗಿಸಿ ಒದೆತದ ಒಂದು ಪಾಲನ್ನು ಕಳೆಯುತ್ತದೆ, ಉಳಿದದ್ದನ್ನು ನಳಿಗೆ ಹಿಂದಕ್ಕೆ ಸರಿಯುವಾಗ ಎಣ್ಣೆಯ ಸಿಲಿಂಡರು ನುಂಗುತ್ತದೆ. ಅದೇ ಫಿರಂಗಿಯನ್ನು ಹದಿನಾಲ್ಕು ಟನ್ನಿನ ಟ್ಯಾಂಕಿಗೆ ಬಿಗಿದರೆ ಮಿಕ್ಕ ಒದೆತವನ್ನು ಹಂಚಿಕೊಳ್ಳುವ ಭಾರ ಅದರ ಹತ್ತು ಪಟ್ಟು. ಮುಂದಕ್ಕೆ ಹೊಡೆದಾಗ ಗಾಡಿ ಹಿಂದಕ್ಕೆ ತೂಗುತ್ತದೆ; ನೆಲಕ್ಕೆ ಕೂತ ಆ ಐಡ್ಲರು ಹಿಂಬದಿಯಲ್ಲಿ ಊರುಗೋಲಾಗುತ್ತದೆ. ಅಡ್ಡಕ್ಕೆ ತಿರುಗಿಸಿ ಹೊಡೆದರೆ ಕಷ್ಟ. ಗಾಡಿಯ ಉದ್ದಕ್ಕಿಂತ ಅಗಲ ಬಹಳ ಕಡಿಮೆ, ಫಿರಂಗಿ ಎತ್ತರದಲ್ಲಿದೆ, ಆಗ ಸ್ಪ್ರಿಂಗುಗಳು ಒಂದು ಪಕ್ಕಕ್ಕೆ ಕುಸಿದು ಗುರಿ ತಪ್ಪುತ್ತದೆ. ಆದ್ದರಿಂದ ಗುರಿಯ ಕಡೆಗೆ ಇಡೀ ಗಾಡಿಯನ್ನೇ ತಿರುಗಿಸಿ ನಿಲ್ಲಿಸುವುದು ಡ್ರೈವರಿನ ಕೆಲಸ, ಕೊನೆಯ ಚೂರು ಹೊಂದಾಣಿಕೆ ಮಾತ್ರ ಗನ್ನರಿನದು.