ನ್ಯೂಜಿಲೆಂಡ್‌ಗೆ ಬಂದವ್ರು ಹೊಳೆ, ಕಡಲು, ಕಾಡಿಗೆ ಕೈ ಹಾಕೋ ಮುಂಚೆ

ಹೊಸದಾಗಿ ಇಲ್ಲಿಗೆ ಬಂದವ್ರು ವೀಸಾ, ಬಾಡಿಗೆ ಮನೆ, ಲೈಸೆನ್ಸ್ ಎಲ್ಲ ಕೇಳ್ತಾರೆ, ಬೀಚಲ್ಲಿ ಸಿಕ್ಕಿದ ಕಲ್ಲು ಮನೆಗೆ ತಗೊಂಡು ಹೋಗ್ಬಹುದಾ ಅಂತ ಮಾತ್ರ ಯಾರೂ ಕೇಳಲ್ಲ. ನಾವು ಬಂದ ಮೊದಲ ವರ್ಷ ಹೊಕಿಟಿಕಾ ಬೀಚಲ್ಲಿ ನನ್ನ ಮಗಳು ಒದ್ದೆ ಮರಳಿಂದ ಹೆಬ್ಬೆರಳಿನಷ್ಟು ದೊಡ್ಡ ಹಸಿರು ಕಲ್ಲೊಂದನ್ನ ಹೆಕ್ಕಿದ್ಳು, ಬಿಸಿಲಿಗೆ ಹಿಡಿದ್ರೆ ಅಂಚು ಎಳೆ ಬಾಳೆಲೆ ಥರ ಕಾಣ್ತಿತ್ತು. ನಾಯಿ ಕರ್ಕೊಂಡು ಹೋಗ್ತಿದ್ದ ಹಿರಿಯ ಹೆಂಗಸೊಬ್ರು ನಿಂತು ನೋಡಿ, ಇದು ಪೌನಮು, ಙಾಯಿ ತಾಹು ಜನರದ್ದು, ಬೀಚಲ್ಲಿ ಸಿಕ್ಕಿದ್ದು ಇಟ್ಕೋ ಮಗಳೇ, ಹೊಳೆಯಿಂದ ಮಾತ್ರ ತೆಗೀಬೇಡ ಅಂದ್ರು.

ಅವ್ರು ಹೇಳಿದ್ದು ನಂಬಿಕೆ ಮಾತಷ್ಟೇ ಅಲ್ಲ, ಕಾನೂನೂ ಹೌದು. ದಕ್ಷಿಣ ದ್ವೀಪದಲ್ಲಿ ಙಾಯಿ ತಾಹು ಸೀಮೆಯೊಳಗಿನ ಪೌನಮು 1997ರ ಕಾಯ್ದೆಯಲ್ಲಿ ಆ ಬುಡಕಟ್ಟಿಗೆ ವಾಪಸ್ ಹೋಯ್ತು, ಇಲ್ಲಿ ಬುಡಕಟ್ಟಿಗೆ ಇವಿ ಅಂತಾರೆ. ಹೊಕಿಟಿಕಾ ಸೇರಿ ವೆಸ್ಟ್ ಕೋಸ್ಟ್ ಬೀಚುಗಳಲ್ಲಿ ಒಬ್ರು ದಿನಕ್ಕೆ ತಾವೇ ಹೊರೋವಷ್ಟು ತಗೋಬಹುದು ಅಂತ ಬಿಟ್ಟಿದ್ದಾರೆ.

ಇದಕ್ಕೆಲ್ಲ ಬೇರು ಇಲ್ಲಿನ ಮೂಲನಿವಾಸಿ ಮಾವೊರಿಗಳಿಗೂ ಬ್ರಿಟಿಷರಿಗೂ ಆದ 1840ರ ವೈಟಾಂಗಿ ಒಪ್ಪಂದ. ಮಾವೊರಿಗಳ ನೆಲ, ಕಾಡು, ಮೀನುಗಾರಿಕೆ ಅವ್ರದ್ದೇ ಅಂತ ಅದರ ಇಂಗ್ಲಿಷ್ ಪಠ್ಯದಲ್ಲಿ ಬರ್ದಿದ್ರೂ ಆಮೇಲೆ ಅದನ್ನ ಪಾಲಿಸ್ಲಿಲ್ಲ. 1975ರಲ್ಲಿ ಒಪ್ಪಂದ ಮುರಿದ ದೂರು ಕೇಳೋಕೆ ವೈಟಾಂಗಿ ಟ್ರಿಬ್ಯೂನಲ್ ಬಂತು, 1840ರಿಂದ ಆದ ಅನ್ಯಾಯವನ್ನೂ ವಿಚಾರಣೆ ಮಾಡೋ ಅಧಿಕಾರ ಅದಕ್ಕೆ 1985ರಲ್ಲಿ ಸಿಕ್ತು.

ನನಗೆ ತುಂಬ ಮುಖ್ಯ ಅನ್ಸೋದು ವಾಂಗನುಯಿ ನದಿ ಕಥೆ. ಸುಮಾರು 290 ಕಿಲೋಮೀಟರ್ ನದಿ, ಅದರ ದಡದ ಜನ "ನಾನೇ ನದಿ, ನದಿಯೇ ನಾನು" ಅಂತಾರೆ, ನದಿ ಮೇಲಿನ ಹಕ್ಕಿಗಾಗಿ 1870ರ ದಶಕದಿಂದ ಅರ್ಜಿ ಹಾಕ್ತಾ ಬಂದ್ರು, 1938ರಲ್ಲಿ ಕೋರ್ಟಿಗೂ ಹೋದ್ರು, ಕೊನೆಗೆ 2017ರ ಮಾರ್ಚ್‌ನಲ್ಲಿ ಪಾರ್ಲಿಮೆಂಟು ಆ ನದಿಯನ್ನ ಬೆಟ್ಟದಿಂದ ಕಡಲವರೆಗೂ ಒಂದೇ ಜೀವ ಅಂತ ಒಪ್ಪಿ ಅದಕ್ಕೆ ಮನುಷ್ಯನಿಗಿರೋ ಥರ ಕಾನೂನಿನ ವ್ಯಕ್ತಿತ್ವ ಕೊಡ್ತು. ನದಿ ಪರವಾಗಿ ಮಾತಾಡೋಕೆ ಇಬ್ರು, ಒಬ್ರನ್ನ ಇವಿಗಳು ಹೆಸರಿಸ್ತಾರೆ, ಇನ್ನೊಬ್ರನ್ನ ಸರ್ಕಾರ. ಸರ್ಕಾರದ ಕೈಲಿದ್ದ ನದಿತಳ ಈಗ ನದಿಯದ್ದೇ. ಹಾಗಂತ ನಮ್ಮನ್ನೇನೂ ಹೊರಗೆ ಇಟ್ಟಿಲ್ಲ, ಬುಕ್ ಮಾಡ್ಕೊಂಡು ಈಗಲೂ ದೋಣಿಲಿ ಹೋಗಬಹುದು.

ಅದೇ ತಿಂಗಳು ಉತ್ತರಾಖಂಡ ಹೈಕೋರ್ಟ್ ಗಂಗೆ ಯಮುನೆಗೂ ವ್ಯಕ್ತಿ ಸ್ಥಾನ ಕೊಡ್ತು, ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು. ನಾವು ಕಾವೇರಿಯನ್ನ ತಾಯಿ ಅಂತೀವಿ, ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ಮುಳುಗಿ ಬರ್ತೀವಿ, ಕೋರ್ಟಲ್ಲಿ ಮಾತ್ರ ಅವ್ಳು ಬರೀ ಟಿಎಂಸಿ ಲೆಕ್ಕ. ಇದು ನನ್ನನ್ನ ಇವತ್ತಿಗೂ ಕಾಡುತ್ತೆ.

ದಿನನಿತ್ಯ ನಿಮಗೆ ಎದುರಾಗೋದು ರಾಹುಯಿ. ಯಾರಾದ್ರೂ ಮುಳುಗಿ ತೀರ್ಕೊಂಡಾಗ, ಇಲ್ಲ ಚಿಪ್ಪು ಮೀನು ಕಮ್ಮಿಯಾದಾಗ ಇವಿ ಆ ಜಾಗಕ್ಕೆ ಸ್ವಲ್ಪ ಕಾಲ ಕೈ ಹಾಕ್ಬೇಡಿ ಅಂತ ಸಾರುತ್ತೆ. ಶೃಂಗೇರಿಲಿ ತುಂಗೆಯ ಮೀನನ್ನ ಯಾರೂ ಹಿಡಿಯಲ್ವಲ್ಲ, ಆ ಕಟ್ಟುಪಾಡು ಗೊತ್ತಿರೋ ನಮಗೆ ಇದು ಅರ್ಥ ಆಗದೆ ಇರೋದಲ್ಲ. ಕೆಲವು ಕಡೆ ಫಿಶರೀಸ್ ಕಾಯ್ದೆ ಕೆಳಗೂ ಮುಚ್ತಾರೆ, ಆಗ ಮೀರಿದ್ರೆ ಅಪರಾಧ. ಆಕ್ಲೆಂಡ್‌ನವ್ರಿಗೆ ವೈಟಾಕೆರೆ ಕಾಡು ಗೊತ್ತಿರುತ್ತೆ, ಕೌರಿ ಮರಗಳಿಗೆ ಮಣ್ಣಿಂದ ಹರಡೋ ರೋಗ ಬಂದು 2017ರ ಡಿಸೆಂಬರ್‌ನಲ್ಲಿ ಅಲ್ಲಿನ ಇವಿ ರಾಹುಯಿ ಹಾಕ್ತು, ಮರುವರ್ಷ ಕೌನ್ಸಿಲ್ಲೂ ಬಹಳಷ್ಟು ಟ್ರ್ಯಾಕ್ ಮುಚ್ತು. ಈಗ ತೆರೆದಿರೋ ಕಡೆ ಶೂ ಉಜ್ಜೋ ಬ್ರಷ್ಷು, ಸ್ಪ್ರೇ ಇಟ್ಟಿರ್ತಾರೆ, ಅಟ್ಟೆ ಸಂದಿಲಿರೋ ಮಣ್ಣು ಪೂರ್ತಿ ಹೋಗೋವರೆಗೂ ಉಜ್ಜಿ.

ಇನ್ನು ಮೀನು. ಕಡಲಲ್ಲಿ ಮನೆಮಟ್ಟಿಗೆ ಹಿಡಿಯೋಕೆ ಲೈಸೆನ್ಸ್ ಬೇಡ, ಟ್ರೌಟ್‌ಗೆ ಬೇಕು, ಹಿಡಿದದ್ದು ಮಾರಂಗಿಲ್ಲ. ಬಂಡೆಗೆ ಅಂಟಿರೋ ಪಾವಾ ಅನ್ನೋ ಕಪ್ಪು ಪಾದದ ಚಿಪ್ಪು ಬಹಳ ಕಡೆ 125 ಮಿಲಿಮೀಟರ್‌ಗಿಂತ ಚಿಕ್ಕದಿದ್ರೆ ತೆಗೀಬಾರ್ದು, ಸಿಲಿಂಡರ್ ಹಾಕ್ಕೊಂಡು ಮುಳುಗಿ ತೆಗೆಯೋದೂ ತಪ್ಪು. ಎಷ್ಟು ತಗೋಬಹುದು ಅನ್ನೋದು ಊರೂರಿಗೆ ಬೇರೆ, ಬದಲಾಗ್ತಾನೂ ಇರುತ್ತೆ, ಹೋಗೋ ದಿನ ಸರ್ಕಾರದ ಫಿಶಿಂಗ್ ರೂಲ್ಸ್ ಆ್ಯಪ್ ನೋಡ್ಕೊಳ್ಳಿ. ಚಾಕು ಬೇಡ, ಪಾವಾಗೆ ಗಾಯ ಆದ್ರೆ ರಕ್ತ ಹೆಪ್ಪುಗಟ್ಟಲ್ಲ, ಹಾಗೇ ಸತ್ತೋಗುತ್ತೆ. ಅಂಚು ಮೊಂಡಾಗಿರೋ ಪಟ್ಟಿ ತಗೊಂಡು ಮೆಲ್ಲಗೆ ಎಬ್ಬಿಸಿ, ಅಲ್ಲೇ ಅಳೀರಿ, ಚಿಕ್ಕದಿದ್ರೆ ನೀರಿಗೆ ಎಸೀಬೇಡಿ, ಅದೇ ಬಂಡೆ ಮೇಲೆ ಪಾದ ಕೆಳಗೆ ಮಾಡಿ ಇಟ್ಟು ಅದು ಕಚ್ಕೊಳ್ಳೋವರೆಗೂ ಕೈ ಆಸರೆ ಕೊಡಿ.